ಭೇಟಿ ಪುಸ್ತಕದಲ್ಲಿ ಓದದೇ ಉಳಿದ ಪುಟ: ಹೊಸ ಉಪ ವ್ಯವಸ್ಥಾಪಕಿಯೊಬ್ಬರ ಮೊದಲ ವರ್ಷ

ಹಳ್ಳಿಯ ಹಾಲು ಉತ್ಪಾದಕರ ಸಂಘಗಳಲ್ಲಿ ಒಂದು ಭೇಟಿ ಪುಸ್ತಕ ಇಟ್ಟಿರುತ್ತಾರೆ. ಒಕ್ಕೂಟದಿಂದ ಯಾರೇ ಬಂದರೂ ದಿನಾಂಕ ಹಾಕಿ, ಕಂಡದ್ದನ್ನು ಬರೆದು ಸಹಿ ಮಾಡಬೇಕು. ಲೆಕ್ಕ ಪರಿಶೋಧನೆಯ ಹೊತ್ತಿನಲ್ಲಿ ಬಿಟ್ಟರೆ ಅದನ್ನು ಯಾರೂ ತೆರೆಯುವುದಿಲ್ಲ. ನಾನು ಇಲ್ಲಿ ಬರೆಯುತ್ತಿರುವ ಪ್ರಕರಣಕ್ಕೆ ಅಂಥ ಒಂದು ಪುಸ್ತಕವೇ ಮುಖ್ಯ ಸಾಕ್ಷಿ.

ಹಳೆ ಮೈಸೂರು ಭಾಗದ ಜಿಲ್ಲಾ ಹಾಲು ಒಕ್ಕೂಟವೊಂದರ ಶೇಖರಣಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಪ್ರಕರಣದಲ್ಲಿ ಬರುವವರೆಲ್ಲ ಇನ್ನೂ ಕೆಲಸದಲ್ಲಿರುವುದರಿಂದ ಊರು, ಹೆಸರು ಹೇಳುವುದಿಲ್ಲ. ಹೊಸದಾಗಿ ಬಡ್ತಿ ಪಡೆದ ಕಿರಿಯರು ಇದನ್ನು ಓದಲಿ ಎಂಬುದು ನನ್ನ ಆಸೆ. ಬಡ್ತಿ ಆದೇಶಕ್ಕೆ ಸಹಿ ಹಾಕುವ ಹಿರಿಯರು ಓದಿದರೆ ಇನ್ನೂ ಒಳ್ಳೆಯದು, ಏಕೆಂದರೆ ಇಲ್ಲಿನ ಮೊದಲ ತಪ್ಪು ನನ್ನದು.

ಹುದ್ದೆಯ ಸ್ವರೂಪ

ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಡೇರಿ ಅಭಿವೃದ್ಧಿ ಯೋಜನೆ ಶುರುವಾದಾಗ ಗುಜರಾತಿನ ಆಣಂದ್ ಮಾದರಿಯನ್ನು ತಂದರು. ಹಳ್ಳಿಯಲ್ಲಿ ಸಂಘ, ಜಿಲ್ಲೆಯ ಮಟ್ಟದಲ್ಲಿ ಒಕ್ಕೂಟ, ರಾಜ್ಯದಲ್ಲಿ ಮಹಾಮಂಡಳ. ಸಂಘದ ಮಾಲೀಕರು ಹಾಲು ಹಾಕುವ ರೈತರೇ. ಕಾರ್ಯದರ್ಶಿ ಮತ್ತು ಹಾಲು ಪರೀಕ್ಷಕ ಸಂಘದ ನೌಕರರು, ಒಕ್ಕೂಟದವರಲ್ಲ. ಅವರನ್ನು ನೇಮಿಸುವುದು, ತೆಗೆಯುವುದು ಆಡಳಿತ ಮಂಡಳಿಯ ಕೆಲಸ. ಒಕ್ಕೂಟದ ಪರವಾಗಿ ಹಳ್ಳಿಗೆ ಹೋಗುವವರು ವಿಸ್ತರಣಾಧಿಕಾರಿಗಳು. ಒಬ್ಬೊಬ್ಬರಿಗೆ ಇಪ್ಪತ್ತು ಇಪ್ಪತ್ತೈದು ಸಂಘಗಳು. ಅವರ ಮೇಲೆ ತಾಲ್ಲೂಕಿನ ಶಿಬಿರ ಕಚೇರಿ, ಅದರ ಮುಖ್ಯಸ್ಥರು ಉಪ ವ್ಯವಸ್ಥಾಪಕರು.

ಈ ಹುದ್ದೆಯಲ್ಲಿ ಕೂತವರಿಗೆ ಜವಾಬ್ದಾರಿ ಬೆಟ್ಟದಷ್ಟು, ಆಜ್ಞೆ ಮಾಡುವ ಅಧಿಕಾರ ಸಾಸಿವೆಯಷ್ಟು. ಹಾಲು ಕಡಿಮೆಯಾದರೆ ಕೇಂದ್ರ ಕಚೇರಿ ಕೇಳುವುದು ಇವರನ್ನು. ದರ ಇಳಿದರೆ ರೈತರು ಬೈಯುವುದೂ ಇವರನ್ನೇ. ಕಾರ್ಯದರ್ಶಿಗೆ ಇವರು ಆದೇಶ ಕೊಡುವಂತಿಲ್ಲ, ಮನವೊಲಿಸಬೇಕು. ಒಕ್ಕೂಟದ ನಿರ್ದೇಶಕರು ಸಂಘಗಳಿಂದ ಆಯ್ಕೆಯಾಗಿ ಬಂದವರು, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಇವರ ಕೈಯಲ್ಲಿ ನಿಜವಾಗಿ ಇರುವವರು ಆ ನಾಲ್ಕಾರು ವಿಸ್ತರಣಾಧಿಕಾರಿಗಳು ಮಾತ್ರ.

ನಾನು ಆ ಶಿಬಿರ ಕಚೇರಿಗೆ ಆರಿಸಿದ್ದು ಹನ್ನೆರಡು ವರ್ಷ ವಿಸ್ತರಣಾಧಿಕಾರಿಯಾಗಿ ದುಡಿದ ಮಹಿಳೆಯೊಬ್ಬರನ್ನು. ಬೇರೆ ತಾಲ್ಲೂಕಿನ ಒಣ ಸೀಮೆಯಲ್ಲಿ ಅವರ ಮಾರ್ಗ, ಅಂದರೆ ಅವರ ಪಾಲಿನ ಸಂಘಗಳ ಸಾಲು, ಇತ್ತು. ಇಡೀ ಜಿಲ್ಲೆಯಲ್ಲಿ ದೂರುಗಳು ತೀರಾ ಕಡಿಮೆ ಇದ್ದ ಮಾರ್ಗ ಅದು. ಕ್ಯಾನಿನ ಮುಚ್ಚಳ ತೆಗೆದು ಮೂಸಿದರೆ ಹಾಲು ಎಷ್ಟು ಹೊತ್ತಿನಿಂದ ನಿಂತಿದೆ ಎಂದು ಹೇಳುತ್ತಿದ್ದರು. ಯಾವ ಮನೆಯ ಸೀಮೆ ಹಸು ಯಾವಾಗ ಕರು ಹಾಕುತ್ತದೆ ಎಂಬುದು ಅವರ ಬಾಯಲ್ಲಿತ್ತು. ನವೆಂಬರ್‌ನಲ್ಲಿ ಆದೇಶ ಕೈಗೆ ಕೊಡುವಾಗ ನಾನು ಹೇಳಿದ ಮಾತು ಚೆನ್ನಾಗಿ ನೆನಪಿದೆ: "ಅಲ್ಲಿ ಏನು ಮಾಡುತ್ತಿದ್ದಿರೋ ಇಲ್ಲೂ ಅದನ್ನೇ ಮಾಡಿ. ಸಂಘಗಳ ಸಂಖ್ಯೆ ಹೆಚ್ಚು, ಅಷ್ಟೇ."

ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು.

ಮೊದಲ ನಾಲ್ಕು ತಿಂಗಳು

ಶಿಬಿರ ಕಚೇರಿಯಲ್ಲಿ ಆರು ಮಂದಿ ವಿಸ್ತರಣಾಧಿಕಾರಿಗಳು, ಸುಮಾರು 140 ಸಂಘಗಳು. ಹೊಸ ಉಪ ವ್ಯವಸ್ಥಾಪಕಿ ನಸುಕಿನ ನಾಲ್ಕೂವರೆಗೆ ಮನೆ ಬಿಡುತ್ತಿದ್ದರು. ದಿನಕ್ಕೆ ಎರಡು ಸಂಘ, ಕೆಲವೊಮ್ಮೆ ಮೂರು. ಎಲ್ಲ ಕಾರ್ಯದರ್ಶಿಗಳಿಗೂ ತಮ್ಮ ಮೊಬೈಲ್ ನಂಬರ್ ಕೊಟ್ಟು, "ಏನೇ ಇದ್ದರೂ ನೇರವಾಗಿ ನನಗೇ ಹೇಳಿ" ಎಂದರು. ಪಶು ಆಹಾರದ ಮೂಟೆ ಬಂದಿಲ್ಲವೆಂದರೂ ಕರೆ, ಕೃತಕ ಗರ್ಭಧಾರಣೆಯ ಕಾರ್ಯಕರ್ತ ಬರಲಿಲ್ಲವೆಂದರೂ ಕರೆ. ಎಲ್ಲಕ್ಕೂ ಅವರೇ ಉತ್ತರ ಕೊಟ್ಟರು, ಬಹುಪಾಲು ಅದೇ ದಿನ ಪರಿಹಾರವನ್ನೂ ಕೊಟ್ಟರು. ನಿರ್ದೇಶಕರೊಬ್ಬರು ಸಭೆಯಲ್ಲಿ ಎದ್ದು ನಿಂತು ಹೊಗಳಿದರು. ಹಾಲಿನ ಪ್ರಮಾಣ ಏರಿತು. ಸರಿಯಾದವರನ್ನೇ ಆರಿಸಿದೆ ಎಂದು ನನಗೂ ಹೆಮ್ಮೆಯಾಯಿತು.

ಆ ಹೆಮ್ಮೆಯಲ್ಲಿ ನನ್ನ ಕಣ್ಣಿಗೆ ಬೀಳದ ಸಂಗತಿಗಳು ಕೆಲವಿದ್ದವು. ಸೋಮವಾರದ ಸಭೆಯಲ್ಲಿ ಎರಡು ಗಂಟೆ ಅವರೊಬ್ಬರೇ ಮಾತನಾಡುತ್ತಿದ್ದರು, ಆರೂ ಮಂದಿ ಬರೆದುಕೊಳ್ಳುತ್ತಿದ್ದರು. ಅವರು ಹೇಳುತ್ತಿದ್ದುದು ಆ ಆರು ಮಂದಿಯ ಮಾರ್ಗಗಳ ಸುದ್ದಿಯನ್ನೇ. ತನ್ನ ಸಂಘದಲ್ಲಿ ಶುಕ್ರವಾರ ಏನಾಯಿತು ಎಂಬುದನ್ನು ವಿಸ್ತರಣಾಧಿಕಾರಿ ಸೋಮವಾರ ಮೇಲಧಿಕಾರಿಯ ಬಾಯಿಂದ ಕೇಳಿ ತಿಳಿಯಬೇಕಾಗಿತ್ತು. ಕಾರ್ಯದರ್ಶಿಗಳು ಚುರುಕಿನ ಜನ. ಎಲ್ಲಿ ಕೆಲಸ ಆಗುತ್ತದೆ ಎಂಬುದು ಅವರಿಗೆ ಬೇಗ ತಿಳಿಯುತ್ತದೆ. ವಿಸ್ತರಣಾಧಿಕಾರಿ ಹಳ್ಳಿಗೆ ಹೋದರೆ "ಮೇಡಂಗೆ ಆಗಲೇ ಹೇಳಿದ್ದೇವೆ" ಎಂಬ ಉತ್ತರ ಬರತೊಡಗಿತು.

ಮೂರನೇ ಮಾರ್ಗದ ಅಧಿಕಾರಿ ಐವತ್ತು ದಾಟಿದವರು. ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರೂ ಇತ್ತು, ಸಿಗಲಿಲ್ಲ. ಹೊಸಬರ ಮೇಲೆ ಅವರಿಗೆ ಹೊಟ್ಟೆಕಿಚ್ಚು ಎಂದು ಕಚೇರಿಯಲ್ಲಿ ಮಾತಿತ್ತು. ಸಭೆಯಲ್ಲಿ ಅವರು ಬಾಯಿ ಬಿಡದೇ ಇದ್ದುದಕ್ಕೆ ಎಲ್ಲರೂ ಆ ಕಾರಣವನ್ನೇ ಕೊಟ್ಟರು. ನಾನೂ ನಂಬಿದೆ. ಒಬ್ಬರ ಮೌನಕ್ಕೆ ಒಂದು ಸುಲಭದ ಕಾರಣ ಸಿಕ್ಕಿಬಿಟ್ಟರೆ ಮತ್ತೆ ಯಾರೂ ಅವರನ್ನು ವಿಚಾರಿಸುವುದಿಲ್ಲ.

ಮಾರ್ಚ್

ಹಾಲಿನ ದರ ಎರಡು ಅಳತೆಗಳ ಮೇಲೆ ನಿಂತಿದೆ: ಕೊಬ್ಬು ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬನ್ನು ಬಿಟ್ಟು ಉಳಿದ ಘನಾಂಶ. ರೈತರು ಎರಡನೆಯದನ್ನು ಇವತ್ತಿಗೂ "ಡಿಗ್ರಿ" ಎನ್ನುತ್ತಾರೆ, ಹಾಲಿನಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ನೋಡುವ ಗಾಜಿನ ಲ್ಯಾಕ್ಟೋಮೀಟರಿನ ಕಾಲದ ಮಾತು. ಈಗ ಬಹುತೇಕ ಸಂಘಗಳಲ್ಲಿ ವಿದ್ಯುನ್ಮಾನ ಯಂತ್ರವಿದೆ. ರೈತರಿಗೆ ಹಣ ಸಿಗುವುದು ಸಂಘದ ಯಂತ್ರ ತೋರಿಸಿದ ಲೆಕ್ಕದಂತೆ. ಸಂಘಕ್ಕೆ ಒಕ್ಕೂಟ ಕೊಡುವುದು ಡೇರಿಯಲ್ಲಿ ಮತ್ತೆ ಪರೀಕ್ಷಿಸಿದ ಲೆಕ್ಕದಂತೆ. ಎರಡೂ ಹೊಂದಿದರೆ ಎಲ್ಲ ಸುಗಮ. ಸಂಘದಲ್ಲಿ ಹೆಚ್ಚು, ಡೇರಿಯಲ್ಲಿ ಕಡಿಮೆ ಬಂದರೆ ಸಂಘ ಪ್ರತಿದಿನ ಕೈಯಿಂದ ಕಟ್ಟಿಕೊಡಬೇಕಾಗುತ್ತದೆ.

ಮೂರನೇ ಮಾರ್ಗದ ಮೂರು ಸಂಘಗಳಲ್ಲಿ ಹಾಗಾಯಿತು. ಸಂಘದಲ್ಲಿ ಎಸ್‌ಎನ್‌ಎಫ್ 8.5, ಡೇರಿಯಲ್ಲಿ 8.2. ಕೇಂದ್ರ ಕಚೇರಿಯಿಂದ ನೋಟಿಸ್ ಹೋಯಿತು: ನೀರು ಬೆರೆತಿರುವ ಅನುಮಾನ, ವಿವರಣೆ ಕೊಡಿ, ಇಲ್ಲವಾದರೆ ದಂಡ. ಅದಕ್ಕೆ ಸಹಿ ಹಾಕಿದವನು ನಾನು.

ಉಪ ವ್ಯವಸ್ಥಾಪಕಿಗೆ ನೋಟಿಸ್ ತಲುಪಿದ ಮರುದಿನವೇ ಬೆಳಗಿನ ಜಾವ ಅವರು ಆ ಮೂರರಲ್ಲಿ ದೊಡ್ಡ ಸಂಘಕ್ಕೆ ಹೋದರು. ಮಾರ್ಗದ ಅಧಿಕಾರಿಗೆ ತಿಳಿಸಲಿಲ್ಲ. ಹನ್ನೆರಡು ವರ್ಷ ಕೈಯಲ್ಲಿ ಹಿಡಿದ ಲ್ಯಾಕ್ಟೋಮೀಟರ್ ಜೊತೆಗಿತ್ತು. ಸಾಲಿನಲ್ಲಿ ನಿಂತ ರೈತರ ಎದುರಿಗೇ ಒಬ್ಬೊಬ್ಬರ ಹಾಲಿಗೂ ಅದನ್ನು ಇಟ್ಟು ನೋಡಿದರು. ಲೆಕ್ಕ ಹಾಕಿದರೆ ಎಸ್‌ಎನ್‌ಎಫ್ ಎಂಟಕ್ಕಿಂತ ಕೆಳಗೆ. ನೀರೇ ಎಂದು ಅವರಿಗೆ ಖಾತ್ರಿಯಾಯಿತು. ಹೆಂಗಸೊಬ್ಬರು, "ನೋಡಿ ತಾಯಿ, ನಿನ್ನೆಯವರೆಗೂ ಡಿಗ್ರಿ ಬರುತ್ತಿದ್ದ ಹಾಲು ಇವತ್ತು ನೀರಾಯಿತೇ?" ಎಂದು ಕೇಳಿದರು. ಉತ್ತರ ಕೊಡುವ ಹೊತ್ತು ಅದಾಗಿರಲಿಲ್ಲ. ಅಧ್ಯಕ್ಷರನ್ನು ಕರೆಸಿ ಮಾತನಾಡಿದರು. ಆಡಳಿತ ಮಂಡಳಿ ಅಂದೇ ಸಂಜೆ ಕಾರ್ಯದರ್ಶಿಯನ್ನು ಅಮಾನತು ಮಾಡಿತು.

ಎರಡು ದಿನ ಊರು ಸುಮ್ಮನಿತ್ತು. ಮೂರನೆಯ ದಿನ ಖಾಸಗಿ ಡೇರಿಯ ವಾಹನ ಊರ ಬಾಗಿಲಿಗೆ ಬಂದು ನಿಂತಿತು. ದಿನಕ್ಕೆ 900 ಲೀಟರ್ ಬರುತ್ತಿದ್ದ ಸಂಘಕ್ಕೆ 300 ಬಂತು. ರೈತರು ಕಾರ್ಯದರ್ಶಿಯ ಪರವಾಗಿ ಸಿಟ್ಟಾಗಿದ್ದರೆ ಮಾತನಾಡಿ ಸರಿಪಡಿಸಬಹುದಿತ್ತು. ಆದರೆ ಇಡೀ ಊರನ್ನು ಸಾಲಿನಲ್ಲಿ ನಿಲ್ಲಿಸಿ ಕಳ್ಳರೆಂದು ತೋರಿಸಿದ ನೋವು ಅದು.

ಪುಟ ಸಿಕ್ಕ ದಿನ

ನಾನು ಆ ಸಂಘಕ್ಕೆ ಹೋದದ್ದು ಐದನೆಯ ದಿನ. ಉಪ ವ್ಯವಸ್ಥಾಪಕಿ ಮತ್ತು ಮೂರನೇ ಮಾರ್ಗದ ಅಧಿಕಾರಿ ಇಬ್ಬರೂ ಇದ್ದರು. ಅಧ್ಯಕ್ಷರು ಬರುವವರೆಗೆ ಕಾಯುತ್ತ ನಾನು ಭೇಟಿ ಪುಸ್ತಕ ತೆರೆದೆ.

ನವೆಂಬರಿಗೆ ಮುಂಚೆ ಆ ಹಿರಿಯ ಅಧಿಕಾರಿಯ ಬರವಣಿಗೆ ಅರ್ಧರ್ಧ ಪುಟ ಇತ್ತು: ಯಾರ ಹಸುವಿಗೆ ಕೆಚ್ಚಲು ಬಾವು, ಯಾವ ಕ್ಯಾನಿಗೆ ಹೊಸ ಮುಚ್ಚಳ ಬೇಕು, ಬಟವಾಡೆ ಎಷ್ಟು ದಿನ ತಡವಾಗಿದೆ. ಡಿಸೆಂಬರಿನಿಂದ ಉಪ ವ್ಯವಸ್ಥಾಪಕಿಯ ದೊಡ್ಡ ಅಕ್ಷರಗಳು ಪುಟ ತುಂಬಿದ್ದವು. ಹಿರಿಯರ ಬರವಣಿಗೆ ಸಣ್ಣದಾಗುತ್ತ ಬಂದಿತ್ತು. ಫೆಬ್ರವರಿಯ ಮೊದಲ ವಾರದಲ್ಲಿ ಮಾತ್ರ ಮತ್ತೆ ಆರು ಸಾಲು. ಜನವರಿಯಲ್ಲಿ ಯಂತ್ರದ ಸರ್ವೀಸ್ ಆದಮೇಲೆ ಓದು ಹೆಚ್ಚು ತೋರುತ್ತಿದೆ, ಲ್ಯಾಕ್ಟೋಮೀಟರ್ ಇಟ್ಟು ತಾಳೆ ನೋಡಿದ್ದೇನೆ, ಹೊಂದುತ್ತಿಲ್ಲ, ಇದೇ ಸರ್ವೀಸಿನವರು ಹೋದ ಇನ್ನೆರಡು ಸಂಘಗಳಲ್ಲೂ ಹೀಗೇ ಇದೆ, ಕರೆಸಿ ಸರಿಪಡಿಸಬೇಕು. ಕೆಳಗೆ ಸಹಿ. ಎರಡು ದಿನ ಬಿಟ್ಟು ಮುಂದಿನ ಪುಟದಲ್ಲಿ ಉಪ ವ್ಯವಸ್ಥಾಪಕಿಯ ಬರಹ ಇತ್ತು. ಅವರು ಹಿಂದಿನ ಪುಟ ತಿರುಗಿಸಿರಲಿಲ್ಲ. ಆಮೇಲೆ ಹಿರಿಯರು ಬರೆದದ್ದೆಲ್ಲ ಎರಡೇ ಪದ: "ಭೇಟಿ ನೀಡಿದೆ."

ನಾನು ಪುಸ್ತಕವನ್ನು ಉಪ ವ್ಯವಸ್ಥಾಪಕಿಯತ್ತ ತಳ್ಳಿದೆ. ಓದಿದರು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹಿರಿಯರ ಕಡೆ ತಿರುಗಿ, "ಸರ್, ಇದನ್ನು ನನಗೆ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ?" ಎಂದರು.

"ಹೇಳಬೇಕೆಂದೇ ಬಂದೆ ಮೇಡಂ, ಎರಡು ಸಲ. ನಾನು ಬಾಯಿ ತೆಗೆಯುವ ಮೊದಲೇ ನೀವು ಆ ಸಂಘಕ್ಕೆ ಹೋಗಿ ಬಂದಿರುತ್ತಿದ್ದಿರಿ. ನೋಡಿ ಬಂದವರಿಗೆ ನಾನು ಏನು ಹೇಳಲಿ?"

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅವರೇ ಮುಂದುವರಿದು, ಅಂದಿನ ಪರೀಕ್ಷೆಯ ಬಗ್ಗೆಯೂ ಮೆಲ್ಲಗೆ ಹೇಳಿದರು. ಆಗ ತಾನೇ ಕರೆದ ಹಾಲಿನಲ್ಲಿ ಗಾಳಿ ಸೇರಿರುತ್ತದೆ, ಕೊಬ್ಬೂ ಬಿಸಿಯಲ್ಲಿ ಇನ್ನೂ ಕರಗಿಯೇ ಇರುತ್ತದೆ. ಅದರಲ್ಲಿ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗಿ ಕಡಿಮೆ ಓದು ತೋರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಉಷ್ಣಾಂಶ ನೋಡಿಕೊಂಡು ಇಡಬೇಕು. ಇದು ಉಪ ವ್ಯವಸ್ಥಾಪಕಿಗೆ ಗೊತ್ತಿಲ್ಲದ ವಿಷಯವಲ್ಲ. ನೂರು ಮಂದಿ ಪರೀಕ್ಷಕರಿಗೆ ಅವರೇ ಇದನ್ನು ಕಲಿಸಿದ್ದಾರೆ. ನೋಟಿಸ್ ಕೈಯಲ್ಲಿ ಹಿಡಿದು, ಸಾಲು ನಿಂತ ಜನರ ಮುಂದೆ, ಒಬ್ಬರೇ ಹೋದಾಗ ನೆನಪಾಗಲಿಲ್ಲ. ಜೊತೆಯಲ್ಲಿ ಇನ್ನೊಬ್ಬರು ಇದ್ದಿದ್ದರೆ ಜ್ಞಾಪಿಸುತ್ತಿದ್ದರು.

ಆಮೇಲೆ ಕೂತು ಬಿಡಿಸಿ ನೋಡಿದಾಗ ಸಂಗತಿ ಇಷ್ಟೇ. ಹಾಲಿಗೆ ಯಾರೂ ನೀರು ಹಾಕಿರಲಿಲ್ಲ. ಬೇಸಿಗೆಯಲ್ಲಿ ಹಸಿ ಮೇವಿಲ್ಲದೆ, ಬಿಸಿಲಿಗೆ ಹಸುಗಳು ಮೇವು ಬಿಟ್ಟು ಎಸ್‌ಎನ್‌ಎಫ್ ನಿಜವಾಗಿಯೂ ಇಳಿದಿತ್ತು. ತಪ್ಪಾಗಿ ಹೊಂದಿಸಿದ ಯಂತ್ರ ಆ ಇಳಿತವನ್ನು ಮುಚ್ಚಿಟ್ಟಿತ್ತು. ಡೇರಿಯ ಓದೇ ಸರಿ. ಅಮಾನತಾದ ಕಾರ್ಯದರ್ಶಿ ನಿರಪರಾಧಿ.

ಈ ಪ್ರಕರಣದಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಈ ಜಾಗ. ಬೇಕಾದ ಮಾಹಿತಿ ಒಂದು ತಿಂಗಳ ಹಿಂದೆಯೇ ಕಚೇರಿಯ ಒಳಗಿತ್ತು, ಸರಿಯಾದ ಮನುಷ್ಯನ ಬಳಿ ಇತ್ತು, ಸರಿಯಾದ ಪುಸ್ತಕದಲ್ಲಿ ಬರೆದೂ ಇತ್ತು. ಅದು ಮೇಲೆ ಬರುವ ದಾರಿಗೆ ಅಡ್ಡ ನಿಂತದ್ದು ಉಪ ವ್ಯವಸ್ಥಾಪಕಿಯ ಸೋಮಾರಿತನವಲ್ಲ, ಅಹಂಕಾರವೂ ಅಲ್ಲ. ಅವರ ಶ್ರದ್ಧೆಯೇ ಅಡ್ಡ ನಿಂತಿತ್ತು. ಆರು ಮಂದಿಯ ಕೆಲಸವನ್ನು ಒಬ್ಬರೇ ಪ್ರೀತಿಯಿಂದ ಮಾಡಿ, ಆ ಆರು ಮಂದಿಯ ಕಣ್ಣನ್ನು ಅವರು ಕಳೆದುಕೊಂಡಿದ್ದರು. ಮತ್ತು ಅದನ್ನೇ ಮಾಡಿ ಎಂದು ಕಳಿಸಿದವನು ನಾನು.

ಊರಿನ ಸಭೆ, ಮೇಲಕ್ಕೆ ಬರೆದ ಟಿಪ್ಪಣಿ

ಕ್ಷಮೆ ಕೇಳುವುದು ಬೇಡ, ಕಾರ್ಯದರ್ಶಿಯನ್ನು ಸದ್ದಿಲ್ಲದೆ ವಾಪಸು ತೆಗೆದುಕೊಳ್ಳಲಿ ಎಂದು ಕೇಂದ್ರ ಕಚೇರಿಯಲ್ಲಿ ಕೆಲವರು ಸಲಹೆ ಕೊಟ್ಟರು. ಒಮ್ಮೆ ಬಗ್ಗಿದರೆ ಎಲ್ಲ ಸಂಘಗಳೂ ತಲೆಯ ಮೇಲೆ ಕೂರುತ್ತವೆ ಎಂಬ ಭಯ. ಉಪ ವ್ಯವಸ್ಥಾಪಕಿ ಒಪ್ಪಲಿಲ್ಲ. ಸಂಘದ ಜಗಲಿಯ ಮೇಲೆ ಸಂಜೆ ಸಭೆ ಕರೆಸಿದರು. ಮೊದಲು ಮಾತನಾಡಿದವರು ಹಿರಿಯ ವಿಸ್ತರಣಾಧಿಕಾರಿ. ಯಂತ್ರದ ಪಕ್ಕದಲ್ಲಿ ಲ್ಯಾಕ್ಟೋಮೀಟರ್ ಮತ್ತು ಕೊಬ್ಬು ಅಳೆಯುವ ಗರ್ಬರ್ ಪರೀಕ್ಷೆಯ ಸಾಮಾನು ಇಟ್ಟು, ರೈತರ ಹಾಲನ್ನೇ ತೆಗೆದುಕೊಂಡು ಎರಡೂ ವಿಧಾನದಲ್ಲಿ ಮಾಡಿ ತೋರಿಸಿದರು. ಆಮೇಲೆ ಉಪ ವ್ಯವಸ್ಥಾಪಕಿ ಎದ್ದು, "ಅವತ್ತು ನಾನು ತಪ್ಪು ರೀತಿಯಲ್ಲಿ ಪರೀಕ್ಷೆ ಮಾಡಿದೆ. ನಿಮ್ಮ ಹಾಲಿನಲ್ಲಿ ನೀರಿರಲಿಲ್ಲ. ನಿಮ್ಮ ಕಾರ್ಯದರ್ಶಿಯದೂ ತಪ್ಪಿರಲಿಲ್ಲ" ಎಂದು ಕಾರ್ಯದರ್ಶಿಯ ಎದುರಿಗೇ ಹೇಳಿದರು. ಎಂಟು ಹತ್ತು ನಿಮಿಷದ ಮಾತು. ಸಮಜಾಯಿಷಿ ಕೊಡಲಿಲ್ಲ, ಮೇಲಿನವರ ನೋಟಿಸಿನ ಹೆಸರೆತ್ತಲಿಲ್ಲ. ಅವರು ನಾಯಕಿಯಾದ ದಿನ ಅದು ಎಂದು ನಾನು ಎಣಿಸುತ್ತೇನೆ. ನವೆಂಬರಿನ ಆದೇಶ ಬರಿಯ ಕಾಗದ.

ಕೆಳಗಿನವರ ಮುಂದೆ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡವರು ಮೇಲಿನವರ ಮುಂದೆ ಅಷ್ಟೇ ಗಟ್ಟಿಯಾಗಿ ನಿಂತರು. ನನ್ನ ಮೇಜಿಗೆ ಒಂದು ಟಿಪ್ಪಣಿ ಬಂತು. ಮೂರೂ ಸಂಘಗಳಲ್ಲಿ ಮೂರು ದಿನ ಬೆಳಿಗ್ಗೆ ಸಂಜೆ ತೆಗೆದ ಜೋಡಿ ಓದುಗಳು, ಸರ್ವೀಸಿನ ದಿನಾಂಕ, ಹಿರಿಯರು ಬರೆದ ಪುಟದ ಪ್ರತಿ. ಕೊನೆಯಲ್ಲಿ ಎರಡು ಬೇಡಿಕೆ: ನೋಟಿಸ್ ಹಿಂಪಡೆಯಿರಿ, ಯಂತ್ರ ಸರಿಯಿಲ್ಲದ ಅವಧಿಯಲ್ಲಿ ಸಂಘಗಳಿಗಾದ ನಷ್ಟವನ್ನು ಒಕ್ಕೂಟ ಭರಿಸಲಿ. ಸರ್ವೀಸಿನವರನ್ನು ಗೊತ್ತು ಮಾಡಿದ್ದು ಒಕ್ಕೂಟವೇ ಆದ್ದರಿಂದ ಹೊಣೆಯೂ ಒಕ್ಕೂಟದ್ದೇ ಎಂಬುದು ಅವರ ವಾದ. ಟಿಪ್ಪಣಿಯನ್ನು ಬರೆದವರು ಎಂದು ಹಿರಿಯ ವಿಸ್ತರಣಾಧಿಕಾರಿಯ ಹೆಸರು ಹಾಕಿ, ಮುಂದೆ ಕಳಿಸಿದವರು ಎಂದು ತಮ್ಮ ಹೆಸರು ಹಾಕಿದ್ದರು.

ನಾನು ಮೊದಲು ಹಿಂಜರಿದೆ. ನನ್ನದೇ ಸಹಿಯ ನೋಟಿಸ್ ಅದು. ಎರಡು ವಾರ ಎಳೆದಾಡಿ ನೋಟಿಸ್ ಹಿಂಪಡೆದೆವು, ದಂಡ ರದ್ದಾಯಿತು. ನಷ್ಟದ ಪೂರ್ತಿ ಹಣ ಮಾತ್ರ ಸಿಗಲಿಲ್ಲ. ಒಕ್ಕೂಟದ ಆಡಳಿತ ಮಂಡಳಿ ಅರ್ಧಕ್ಕೆ ಒಪ್ಪಿತು, ಉಳಿದರ್ಧ ಸಂಘಗಳ ಲೆಕ್ಕದಲ್ಲೇ ಉಳಿಯಿತು. ಅದು ನ್ಯಾಯವಲ್ಲ ಎಂದು ಉಪ ವ್ಯವಸ್ಥಾಪಕಿ ಸಭೆಯಲ್ಲೇ ಹೇಳಿದರು. ತೀರ್ಮಾನವಾದ ಮೇಲೆ ಅದನ್ನು ಸಂಘಗಳಿಗೆ ತಿಳಿಸಲು ತಾವೇ ಹೋದರು. ಕೇಂದ್ರ ಕಚೇರಿಯವರು ಹೀಗೆ ಮಾಡಿದರು ಎಂದು ಬೆರಳು ತೋರಿಸಲಿಲ್ಲವಂತೆ. ಒಕ್ಕೂಟ ಇಷ್ಟಕ್ಕೆ ಒಪ್ಪಿದೆ, ನಾನು ಹೆಚ್ಚು ಕೇಳಿದ್ದೆ, ಆಗಲಿಲ್ಲ ಎಂದರಂತೆ.

ಅತಿಯಾದ ಹಿಂತೆಗೆತ

ಇಲ್ಲಿಗೆ ಪ್ರಕರಣ ಮುಗಿದಿದ್ದರೆ ಹೇಳಲು ಚೆನ್ನಾಗಿರುತ್ತಿತ್ತು. ಆದರೆ ಏಪ್ರಿಲ್‌ನಲ್ಲಿ ಅವರು ಇನ್ನೊಂದು ತುದಿಗೆ ಹೋದರು. ಸಂಘಗಳಿಗೆ ಹೋಗುವುದನ್ನೇ ನಿಲ್ಲಿಸಿದರು. ಕಾರ್ಯದರ್ಶಿಗಳ ಕರೆ ಬಂದರೆ "ನಿಮ್ಮ ಮಾರ್ಗದ ಅಧಿಕಾರಿಗೆ ಹೇಳಿ" ಎಂದು ಇಟ್ಟುಬಿಡುತ್ತಿದ್ದರು. ಸಭೆಯಲ್ಲಿ ಆರು ಮಂದಿಗೂ "ಇನ್ನು ನಿಮ್ಮ ಮಾರ್ಗ ನಿಮ್ಮದು, ನೀವೇ ನಿರ್ಧರಿಸಿ" ಎಂದರು.

ಮೇ ತಿಂಗಳ ಒಂದು ರಾತ್ರಿ ಗಾಳಿ ಮಳೆಗೆ ಕಂಬಗಳು ಬಿದ್ದು ಐದನೇ ಮಾರ್ಗದ ಬಿಎಂಸಿಯಲ್ಲಿ, ಅಂದರೆ ಹಳ್ಳಿಯಲ್ಲೇ ಹಾಲನ್ನು ತಣಿಸಿಡುವ ದೊಡ್ಡ ತೊಟ್ಟಿಯ ಘಟಕದಲ್ಲಿ, ಕರೆಂಟ್ ಹೋಯಿತು. ಜನರೇಟರ್ ಹತ್ತಲಿಲ್ಲ. ಸಂಜೆ ಬಂದ ಹಾಲು ಇನ್ನೂ ನಾಲ್ಕು ಡಿಗ್ರಿಗೆ ತಣಿದಿರಲಿಲ್ಲ. ಆ ಮಾರ್ಗದ ಅಧಿಕಾರಿ ಸೇರಿ ಎರಡು ವರ್ಷವಾದ ಯುವಕ. ಬಾಡಿಗೆ ಟ್ಯಾಂಕರ್ ತರಿಸಿ ಹತ್ತಿರದ ಶೀತಲೀಕರಣ ಕೇಂದ್ರಕ್ಕೆ ಸಾಗಿಸಬೇಕಿತ್ತು. ಉಪ ವ್ಯವಸ್ಥಾಪಕಿಗೆ ಕರೆ ಮಾಡಿದ, ಅದೇ ಗಾಳಿಗೆ ಟವರ್ ಕೆಟ್ಟು ಸಂಪರ್ಕ ಸಿಗಲಿಲ್ಲ. ಬೆಳಗಾಗುವವರೆಗೆ ಕಾದ. ಡೇರಿಯಲ್ಲಿ ಕುದಿಸಿ ನೋಡಿದಾಗ ಹಾಲು ಒಡೆಯಿತು. ಸುಮಾರು 3,000 ಲೀಟರ್.

ಕೇಳಿದಾಗ ಯುವಕ ಅತ್ತುಬಿಟ್ಟ. "ನಿರ್ಧರಿಸಿ ಎಂದಿದ್ದಿರಿ ಮೇಡಂ. ಟ್ಯಾಂಕರಿನ ಬಾಡಿಗೆ ನನ್ನ ಸಂಬಳದಲ್ಲಿ ಹಿಡಿದರೆ ಎಂದು ಹೆದರಿದೆ."

ಕೆಲಸವನ್ನು ಒಪ್ಪಿಸುವುದಕ್ಕೂ ಕೈಬಿಡುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಘಟನೆಯನ್ನು ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಂಡಿಲ್ಲ. ನಿರ್ಧರಿಸುವ ಅಧಿಕಾರವನ್ನು ಬಾಯಲ್ಲಿ ಕೊಟ್ಟಿದ್ದರು. ಎಷ್ಟು ರೂಪಾಯಿವರೆಗೆ, ಯಾವ ಸಂದರ್ಭದಲ್ಲಿ, ತಪ್ಪಾದರೆ ಯಾರು ಹಿಂದೆ ನಿಲ್ಲುತ್ತಾರೆ ಎಂಬುದನ್ನು ಹೇಳಿರಲಿಲ್ಲ.

ಆ ವಾರ ಅವರು ಆರು ಮಂದಿಯೊಂದಿಗೆ ಕೂತು ಒಂದೇ ಹಾಳೆಯ ಪಟ್ಟಿ ಮಾಡಿದರು. ಯಾರನ್ನೂ ಕೇಳದೆ ಮಾಡಬಹುದಾದವು: ಹಾಲು ಕೆಡುವ ಸಂದರ್ಭದಲ್ಲಿ ಟ್ಯಾಂಕರ್, ಜನರೇಟರ್, ಮೆಕ್ಯಾನಿಕ್. ಮಾಡಿ ಅಂದೇ ತಿಳಿಸಬೇಕಾದವು: ಯಂತ್ರದ ತಾಳೆ, ಹಾಲು ವಾಪಸು ಕಳಿಸುವುದು. ಮೊದಲು ಕೇಳಬೇಕಾದದ್ದು ಒಂದೇ: ಯಾವ ಸಂಘದ ಯಾವ ನೌಕರನ ಮೇಲೂ ಕ್ರಮಕ್ಕೆ ಶಿಫಾರಸು. ಹಾಳೆಯ ಕೆಳಗೆ ಅವರ ಸಹಿ, ಅದರ ಕೆಳಗೆ ನನ್ನದು. ಬಾಡಿಗೆಯ ಮೊತ್ತಕ್ಕೆ ಮೇಲಿನವರ ಒಪ್ಪಿಗೆ ಬರಹದಲ್ಲಿ ಬೇಕೆಂದು ನನ್ನಿಂದ ಪಟ್ಟು ಹಿಡಿದು ಸಹಿ ಹಾಕಿಸಿಕೊಂಡರು.

ಸಂಘಗಳಿಗೆ ಮತ್ತೆ ಹೋಗತೊಡಗಿದರು, ವಾರಕ್ಕೆ ಎರಡು ಸಲ, ಆಯಾ ಮಾರ್ಗದ ಅಧಿಕಾರಿಯ ಬೈಕಿನ ಹಿಂದೆ ಕೂತು. ಹೋದ ಕಡೆ ಮೊದಲು ಭೇಟಿ ಪುಸ್ತಕದ ಹಿಂದಿನ ನಾಲ್ಕು ಪುಟ ಓದುವುದು, ಆಮೇಲೆ ಹಾಲು ನೋಡುವುದು. ಸೋಮವಾರದ ಸಭೆಯಲ್ಲಿ ಆರು ಮಂದಿ ಮುಗಿಸುವವರೆಗೆ ಅವರು ಮಾತನಾಡುವುದಿಲ್ಲ. ಇದು ಅವರಿಗೆ ಎಷ್ಟು ಕಷ್ಟ ಎಂಬುದನ್ನು ನಾನು ಕೂತು ನೋಡಿದ್ದೇನೆ. ಉತ್ತರ ತುಟಿಯವರೆಗೆ ಬಂದಿರುತ್ತದೆ, ಪೆನ್ನು ತಿರುಗಿಸುತ್ತ ತಡೆದುಕೊಳ್ಳುತ್ತಾರೆ. ಕೆಲವು ಸಲ ತಡೆಯಲಾಗುವುದಿಲ್ಲ. ಹನ್ನೆರಡು ವರ್ಷ ಯಾವ ಕೆಲಸದಿಂದ ಹೆಸರು ಬಂತೋ ಆ ಕೆಲಸ ಇನ್ನೊಬ್ಬರ ಕೈಯಲ್ಲಿ, ತಮಗಿಂತ ನಿಧಾನವಾಗಿ ಆಗುವುದನ್ನು ನೋಡುತ್ತ ಕೂರುವ ಸಂಕಟಕ್ಕೆ ಯಾವ ತರಬೇತಿಯೂ ಅವರನ್ನು ಸಿದ್ಧಪಡಿಸಿರಲಿಲ್ಲ. ನಾವು ಬಡ್ತಿಯ ಹೊತ್ತಿನಲ್ಲಿ ಕೊಟ್ಟದ್ದು ಮೂರು ದಿನದ ತರಗತಿ: ಲೆಕ್ಕಪತ್ರ, ಶಿಸ್ತು ಕ್ರಮದ ನಿಯಮ, ಕಡತ ನಿರ್ವಹಣೆ.

ಮುಂದಿನ ಬಡ್ತಿಗಳಿಗೆ ನಾನು ಒಂದು ಬದಲಾವಣೆ ಮಾಡಿಸಿದೆ. ಹೊಸ ಉಪ ವ್ಯವಸ್ಥಾಪಕರು ಮೊದಲ ತಿಂಗಳು ಒಂದು ಸಂಘಕ್ಕೂ ಒಬ್ಬರೇ ಹೋಗುವಂತಿಲ್ಲ, ತಮ್ಮ ವಿಸ್ತರಣಾಧಿಕಾರಿಗಳ ಜೊತೆ ತಲಾ ಮೂರು ದಿನ ಮಾರ್ಗದಲ್ಲಿ ತಿರುಗಬೇಕು.

ಆ ಊರಿನಲ್ಲಿ ಸಂಘ ಬಿಟ್ಟುಹೋದ ಮನೆಗಳಲ್ಲಿ ಬಹುಪಾಲು ಮಳೆಗಾಲದ ಹೊತ್ತಿಗೆ ವಾಪಸು ಬಂದವು. ಐದು ಮನೆಗಳು ಇಂದಿಗೂ ಖಾಸಗಿ ಡೇರಿಗೇ ಹಾಲು ಹಾಕುತ್ತಿವೆ. ಅಂದು ಪ್ರಶ್ನೆ ಕೇಳಿದ ಹೆಂಗಸಿನ ಮನೆ ಅವುಗಳಲ್ಲೊಂದು. ಆ ಮನೆಯ ಹಸುವಿಗೆ ಜ್ವರ ಬಂದಾಗ ಮೂರನೇ ಮಾರ್ಗದ ಹಿರಿಯರೇ ವೈದ್ಯರನ್ನು ಕರೆದುಕೊಂಡು ಹೋಗಿದ್ದರು. ಆಕೆ ಕಾಫಿ ಕೊಟ್ಟರಂತೆ. ಹಾಲಿನ ಮಾತು ಎತ್ತಲಿಲ್ಲವಂತೆ.